ದಂಡಿನ ಪೇಟೆಯ ದುಡಿಮೆ

ಪೂರ್ವಕ್ಕೆ ಕೋಟೆ, ಪಶ್ಚಿಮಕ್ಕೆ ದಂಡು, ಇವೆರಡರ ನಡುವೆ ಊರು: ಬೆಳಗಾವಿಯ ವಿನ್ಯಾಸವನ್ನು ಅರಿಯಬಯಸುವವನು ಮೊದಲು ತಿಳಿಯಬೇಕಾದುದು ಇಷ್ಟು. ಇವುಗಳಲ್ಲಿ ಕೋಟೆಯೇ ಪ್ರಾಚೀನವಾದುದು. ರಟ್ಟರ ಆಳ್ವಿಕೆಯಲ್ಲಿ ಬೀಚಿರಾಜನೆಂಬ ಅಧಿಕಾರಿಯು 1204ರ ಸುಮಾರಿಗೆ ಅದನ್ನು ಕಟ್ಟಿಸಿ, ಅದರೊಳಗೆ ಕಮಲ ಬಸದಿಯನ್ನೂ ನಿರ್ಮಿಸಿದನು. ವೇಣುಗ್ರಾಮವೆಂಬ ಹೆಸರಿನಿಂದ ಶಾಸನಗಳಲ್ಲಿ ಕಾಣಿಸಿಕೊಳ್ಳುವ ಊರಿಗೂ ದೀರ್ಘವಾದ ವ್ಯಾಪಾರಪರಂಪರೆಯುಂಟು. ದಂಡು ಮಾತ್ರ ಇವೆರಡಕ್ಕೂ ಬಹಳ ಕಿರಿಯದು. ನಾವು ಕ್ಯಾಂಪ್ ಎಂದು ಕರೆಯುವ, ಸಾಲುಮರಗಳ ನೆರಳಿಗೂ ಹೆಂಚಿನ ಬಂಗಲೆಗಳ ಗಾಂಭೀರ್ಯಕ್ಕೂ ಹೆಸರಾದ ಈ ಬಡಾವಣೆಯನ್ನು ಕಂಡ ಪರಸ್ಥಳದವರು, ಇದನ್ನು ಕಟ್ಟಿದವರು ಆಂಗ್ಲ ಅಧಿಕಾರಿಗಳೆಂದು ಸಹಜವಾಗಿ ಭಾವಿಸುತ್ತಾರೆ. ಆಜ್ಞೆ ಅವರದೆಂಬುದು ನಿಜ. ಆದರೆ ಆಜ್ಞೆಯನ್ನು ಬೀದಿಯಾಗಿ, ಮನೆಯಾಗಿ, ಊಟವಾಗಿ, ಉಡುಪಾಗಿ ಪರಿವರ್ತಿಸಿದ ಕೈಗಳು ಬೇರೆ. ಆ ಕೈಗಳ ಚರಿತ್ರೆಯನ್ನು ಬಿಟ್ಟು ಬರೆದ ಕ್ಯಾಂಪಿನ ಚರಿತ್ರೆಯು ಅರ್ಧಚರಿತ್ರೆ. ನೆಲದ ಬೆಲೆ ದಿನದಿನಕ್ಕೆ ಏರುತ್ತಿರುವ, ಹಳೆಯ ಕಸಬುಗಳ ಅಂಗಡಿಗಳಿದ್ದ ಸ್ಥಳದಲ್ಲಿ ಹೊಸ ಬಗೆಯ ಮಳಿಗೆಗಳು ತಲೆಯೆತ್ತುತ್ತಿರುವ ಈ ಕಾಲದಲ್ಲಿ, ಉಳಿದ ಅರ್ಧವನ್ನು ಹೇಳುವುದು ಇಲ್ಲಿ ವಾಸವಾಗಿರುವ ನನ್ನಂಥವರ ಕರ್ತವ್ಯವೆಂದು ತಿಳಿದಿದ್ದೇನೆ.

1818ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಥಾಮಸ್ ಮನ್ರೋನ ಸೈನ್ಯವು ಸುಮಾರು ಮೂರು ವಾರಗಳ ಮುತ್ತಿಗೆಯ ಅನಂತರ ಪೇಶ್ವೆಯರ ಕಡೆಯವರಿಂದ ಬೆಳಗಾವಿಯ ಕೋಟೆಯನ್ನು ವಶಪಡಿಸಿಕೊಂಡಿತು. ಸಮುದ್ರಮಟ್ಟದಿಂದ ಸುಮಾರು 2500 ಅಡಿ ಎತ್ತರದಲ್ಲಿರುವ, ಬೇಸಗೆಯಲ್ಲಿಯೂ ಸಂಜೆಗೆ ತಂಗಾಳಿ ತಪ್ಪದ ಈ ಸ್ಥಳವು ಪರದೇಶದ ಸಿಪಾಯಿಗಳ ದೇಹಪ್ರಕೃತಿಗೆ ಹಿತವಾಗಿತ್ತೆಂಬುದು ದಂಡನ್ನು ಇಲ್ಲಿಯೇ ನೆಲೆಗೊಳಿಸಲು ಒಂದು ಕಾರಣ. ಒಂದು ಕಡೆ ಕೊಲ್ಲಾಪುರ, ಇನ್ನೊಂದು ಕಡೆ ಸಾವಂತವಾಡಿ, ಘಟ್ಟದ ಕೆಳಗೆ ಪೋರ್ತುಗೀಜರ ಗೋವೆ, ಆಗ್ನೇಯಕ್ಕೆ ಕಿತ್ತೂರು, ಹೀಗೆ ನಾಲ್ಕೂ ದಿಕ್ಕಿನ ಚಲನವಲನಗಳನ್ನು ಇಲ್ಲಿಂದ ಗಮನಿಸಬಹುದಾಗಿತ್ತೆಂಬುದು ಇನ್ನೂ ಬಲವಾದ ಕಾರಣ. 1824ರಲ್ಲಿ ಕಿತ್ತೂರಿನ ಯುದ್ಧದಲ್ಲಿ ಕಲೆಕ್ಟರ್ ಥ್ಯಾಕರೆ ಹತನಾದನು. 1831ರ ಜನವರಿಯಲ್ಲಿ ಸಂಗೊಳ್ಳಿ ರಾಯಣ್ಣನನ್ನು ಖಾನಾಪುರ ಸೀಮೆಯ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಈ ಕ್ಷೋಭೆಗಳ ಬೆನ್ನಲ್ಲಿಯೇ, 1832ರಲ್ಲಿ, ಬೆಳಗಾವಿಯ ಕಂಟೋನ್ಮೆಂಟು ವಿಧಿವತ್ತಾಗಿ ಸ್ಥಾಪಿತವಾಯಿತೆಂಬುದನ್ನು ಗಮನಿಸಿದರೆ, ಈ ಪ್ರಶಾಂತವಾದ ಬೀದಿಗಳು ಅಶಾಂತಿಯ ಸಂತಾನವೆಂಬುದು ಸ್ಪಷ್ಟವಾಗುತ್ತದೆ. ಧಾರವಾಡದಿಂದ ಬೇರ್ಪಟ್ಟು ಬೆಳಗಾವಿ ಪ್ರತ್ಯೇಕ ಜಿಲ್ಲೆಯಾದುದು ಇನ್ನೂ ನಾಲ್ಕು ವರ್ಷಗಳ ಮೇಲೆ, 1836ರಲ್ಲಿ.

ದಂಡು ಎಂಬುದು ಕೇವಲ ಸಿಪಾಯಿಗಳ ಸಮೂಹವಲ್ಲ. ಒಬ್ಬ ಸಿಪಾಯಿಯನ್ನು ಕವಾಯತಿನ ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಬೇಕಾದರೆ ಅವನ ಬೆನ್ನ ಹಿಂದೆ ಹಲವರು ದುಡಿಯಬೇಕು. ಆದುದರಿಂದ ಪ್ರತಿಯೊಂದು ಕಂಟೋನ್ಮೆಂಟಿನಲ್ಲಿಯೂ ಇದ್ದಂತೆ ಇಲ್ಲಿಯೂ ಎರಡು ಲೋಕಗಳು ಏಕಕಾಲದಲ್ಲಿ ನಿರ್ಮಾಣವಾದುವು: ವಿಶಾಲವಾದ ಆವರಣಗಳ ನಡುವೆ ದೂರದೂರವಾಗಿ ನಿಂತ ಬಂಗಲೆಗಳ ಲೋಕ ಒಂದು, ಒತ್ತೊತ್ತಾಗಿ ಗೋಡೆಗೆ ಗೋಡೆ ತಾಗಿಸಿಕೊಂಡು ಬೆಳೆದ ಸದರ್ ಬಜಾರಿನ ಲೋಕ ಇನ್ನೊಂದು. ಮೊದಲನೆಯದರ ಮೌನವೆಲ್ಲ ಎರಡನೆಯದರ ಗದ್ದಲದ ಮೇಲೆ ಆಶ್ರಯಿಸಿತ್ತು. ದರ್ಜಿಗಳು ಖಾಕಿ ಬಟ್ಟೆಯ ಥಾನುಗಳನ್ನು ಕತ್ತರಿಸಿ ಸಮವಸ್ತ್ರ ಹೊಲಿದರು. ಮೋಚಿಗಳು ಬೂಟುಗಳ ಅಟ್ಟೆಗೆ ಮೊಳೆ ಹೊಡೆದರು. ಜೀನುಗಳ, ಲಗಾಮುಗಳ ತೊಗಲನ್ನು ಹದಗೊಳಿಸಿದರು. ನಾಲಬಂದರು ಕುದುರೆಗಳಿಗೆ ಲಾಳ ಕಟ್ಟಿದರು. ಸಾಹೀಸರು ಆ ಕುದುರೆಗಳ ಮೈಯುಜ್ಜಿ ಮೇವು ಹಾಕಿದರು. ಕೊಳಾಯಿ ಬಾರದಿದ್ದ ಕಾಲದಲ್ಲಿ ಭಿಸ್ತಿಗಳು ತೊಗಲಿನ ಚೀಲಗಳಲ್ಲಿ ನೀರು ಹೊತ್ತು ಮನೆಮನೆಯ ಹಂಡೆಗಳನ್ನು ತುಂಬಿದರು. ಅಡಿಗೆಯ ಖಾನಸಾಮರು, ತೋಟದ ಮಾಲಿಗಳು, ಮಾಂಸದ ಕಸಾಯಿಗಳು, ಹಾಲಿನ ಗೌಳಿಗರು, ಬೆಳಗಿನ ಜಾವಕ್ಕೆ ಮುಂಚೆಯೇ ಭಟ್ಟಿಯಿಂದ ಬಿಸಿಬಿಸಿಯಾದ ಪಾವ್ ತೆಗೆಯುತ್ತಿದ್ದ ರೊಟ್ಟಿಯವರು, ಇವರಲ್ಲಿ ಒಬ್ಬರು ತಪ್ಪಿದರೂ ದಂಡಿನ ದಿನಚರಿ ತಪ್ಪುತ್ತಿತ್ತು.

ಇವರೊಡನೆ ದುಡಿದ ಅಗಸರ ಕೆಲಸವನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಅವಶ್ಯ. ಏಕೆಂದರೆ ಈ ದುಡಿಮೆಯೆಲ್ಲ ಎಂಥ ಜ್ಞಾನವನ್ನು ಬೇಡುತ್ತಿತ್ತೆಂಬುದು ಅದರಿಂದ ಚೆನ್ನಾಗಿ ತಿಳಿಯುತ್ತದೆ. ನೂರಾರು ಮಂದಿಯ ಉಡುಪು ಒಂದೇ ಬಣ್ಣ, ಒಂದೇ ಅಳತೆ, ಒಂದೇ ಬಗೆಯ ಹೊಲಿಗೆ. ಇವು ಒಂದೇ ಘಾಟಿನಲ್ಲಿ ಒಗೆಯಲ್ಪಟ್ಟು, ಒಂದೇ ಹಗ್ಗದ ಮೇಲೆ ಒಣಗಿ, ತಪ್ಪದೆ ತಂತಮ್ಮ ಒಡೆಯರಿಗೆ ಮರಳಬೇಕು. ಕೇರುಕಾಯಿಯ ರಸದಿಂದ ಬಟ್ಟೆಯ ಅಂಚಿನಲ್ಲಿ ಹಾಕಿದ ಪುಟ್ಟ ಗುರುತು, ಎಷ್ಟು ಸಲ ಬಂಡೆಗೆ ಬಡಿದರೂ ಅಳಿಯದ ಚುಕ್ಕೆಗಳ ಗೆರೆಗಳ ಆ ಲಿಪಿ, ಈ ಲೆಕ್ಕಾಚಾರದ ಆಧಾರವಾಗಿತ್ತು. ಅಕ್ಷರ ಬಾರದವರೆಂದು ಯಾರನ್ನು ಸರ್ಕಾರದ ದಾಖಲೆಗಳು ಬದಿಗಿರಿಸಿದುವೋ ಅವರು ತಮ್ಮದೇ ಒಂದು ದಾಖಲೆಪದ್ಧತಿಯನ್ನು ನಿರ್ಮಿಸಿಕೊಂಡು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದರು. ಗಂಜಿಯ ಹದ, ಇದ್ದಿಲ ಇಸ್ತ್ರಿಯ ಕಾವು, ಬೆಳಗಾವಿಯ ಬಿಡದ ಮಳೆಯಲ್ಲಿ ಬಟ್ಟೆಯನ್ನು ಮುಗ್ಗುಹಿಡಿಯದಂತೆ ಒಣಗಿಸುವ ಉಪಾಯ, ಇವೆಲ್ಲವೂ ಶಾಲೆಯಿಲ್ಲದೆ ಕಲಿತ ಶಾಸ್ತ್ರಗಳು.

ದಂಡಿನೊಡನೆ ಬಂದವರು ದಂಡಿನೊಡನೆ ಹೋಗಲಿಲ್ಲವೆಂಬುದು ಕ್ಯಾಂಪಿನ ಸಾಮಾಜಿಕ ಚರಿತ್ರೆಯ ಮುಖ್ಯ ಸಂಗತಿ. ಪಲ್ಟಣಗಳು ಬದಲಾದುವು, ಪೇಟೆ ಬದಲಾಗಲಿಲ್ಲ. ಮದರಾಸಿನ ಕಡೆಯ ತಮಿಳರು, ಉತ್ತರದ ಉರ್ದು ಮಾತಿನವರು, ಗೋವೆಯ ಕೊಂಕಣಿ ಕ್ರೈಸ್ತರು, ಸುತ್ತಣ ಹಳ್ಳಿಗಳ ಕನ್ನಡಿಗರು ಮತ್ತು ಮರಾಠಿಗರು ಇಲ್ಲಿಯೇ ನೆಲೆನಿಂತು, ಒಬ್ಬರ ಮಾತನ್ನು ಇನ್ನೊಬ್ಬರು ಅರ್ಧ ಕಲಿತು, ನಾಲ್ಕು ಭಾಷೆಗಳಲ್ಲಿ ಚೌಕಾಶಿ ಮಾಡಬಲ್ಲ ಒಂದು ಜನಸಮುದಾಯವಾದರು. ದಂಡು ಬರುವುದಕ್ಕೆ ಎಷ್ಟೋ ಮುಂಚೆ, ಹದಿನಾರನೆಯ ಶತಮಾನದಲ್ಲಿ, ಬಿಜಾಪುರದ ಆದಿಲಶಾಹಿಯ ಪರವಾಗಿ ಬೆಳಗಾವಿಯನ್ನು ಆಳಿದ ಅಸದ್ ಖಾನನ ದರ್ಗಾ ಇದೇ ಪ್ರದೇಶದಲ್ಲಿದ್ದು, ಎಲ್ಲ ಮತಗಳವರ ಭಕ್ತಿಗೂ ಪಾತ್ರವಾಗಿದೆ. 1820ರಲ್ಲಿ ಬೆಳಗಾವಿಗೆ ಬಂದ ಲಂಡನ್ ಮಿಷನ್ನಿನ ಜೋಸೆಫ್ ಟೇಲರನೂ ಅನಂತರ ಬಂದ ವಿಲಿಯಂ ಬೆನನ್ನನೂ ಇಲ್ಲಿ ಶಿಕ್ಷಣದ ಬೀಜ ಬಿತ್ತಿದರು. 1832ರಲ್ಲಿ ಆರಂಭವಾದ ಅವರ ಶಾಲೆಯು ಇಂದಿಗೂ ಬೆನನ್ ಸ್ಮಿತ್ ಎಂಬ ಹೆಸರಿನಿಂದ ನಡೆಯುತ್ತಿದೆ. ಸೇಂಟ್ ಪಾಲ್ಸ್ ಶಾಲೆ 1856ರದು. ಗಾಥಿಕ್ ಶೈಲಿಯ ಸೇಂಟ್ ಮೇರೀಸ್ ಇಗರ್ಜಿ 1869ರಲ್ಲಿ ಪ್ರತಿಷ್ಠಿತವಾಯಿತು. ಸೈನ್ಯದ ಪೋಷಣೆಯಲ್ಲಿರುವ ಮಿಲಿಟರಿ ಮಹಾದೇವನ ಗುಡಿಯಲ್ಲಿ ಸಿಪಾಯಿಗಳೂ ನಾಗರಿಕರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಈ ಸಮುದಾಯದ ತಲೆಯ ಮೇಲೆ ಸೂರಿತ್ತು. ಕಾಲ ಕೆಳಗಿನ ನೆಲ ಮಾತ್ರ ಅವರದಾಗಿರಲಿಲ್ಲ. ಕಂಟೋನ್ಮೆಂಟುಗಳ ಭೂಮಿಯ ವ್ಯವಸ್ಥೆಯು ಇತರ ಊರುಗಳ ವ್ಯವಸ್ಥೆಯಂತಲ್ಲ. ಬಂಗಾಳದ ದಂಡುಗಳಿಗಾಗಿ 1836ರಲ್ಲಿ ಹೊರಟ 179ನೆಯ ಆದೇಶವು ಈ ತತ್ತ್ವದ ಪ್ರಸಿದ್ಧವಾದ ನಿರೂಪಣೆ: ಮನೆಯನ್ನು ಕಟ್ಟಿಕೊಳ್ಳಲು ಅನುಮತಿಯುಂಟು, ನೆಲದ ಒಡೆತನ ಸರ್ಕಾರದ್ದು, ಒಂದು ತಿಂಗಳ ಸೂಚನೆ ಕೊಟ್ಟು, ಕಟ್ಟಡದ ಬೆಲೆಯನ್ನಷ್ಟೇ ತೆತ್ತು, ಸರ್ಕಾರವು ನೆಲವನ್ನು ಮರಳಿ ಪಡೆಯಬಹುದು. ಓಲ್ಡ್ ಗ್ರಾಂಟ್ ಎಂದು ಹೆಸರಾದ ಈ ಬಗೆಯ ಹಕ್ಕು ದೇಶದ ದಂಡುಪ್ರದೇಶಗಳಲ್ಲಿ ವ್ಯಾಪಕವಾಗಿ ಬೇರೂರಿತು. 1864ರ, 1889ರ ಕಂಟೋನ್ಮೆಂಟ್ ಕಾಯಿದೆಗಳು ಬಜಾರಿನ ನೈರ್ಮಲ್ಯದಿಂದ ಮೊದಲ್ಗೊಂಡು ನಿವಾಸಿಗಳ ವರ್ತನೆಯವರೆಗೆ ಎಲ್ಲವನ್ನೂ ದಂಡಿನ ಅನುಕೂಲದ ದೃಷ್ಟಿಯಿಂದಲೇ ನಿಯಂತ್ರಿಸಿದುವು. ಇಂದಿಗೂ ಕ್ಯಾಂಪಿನ ಮನೆಗಳಿಗೆ ಬಿ.ಸಿ. ನಂಬರ್ ಎಂಬ ಕಂಟೋನ್ಮೆಂಟಿನ ಸಂಖ್ಯೆಯೇ ಗುರುತು. ವಿಳಾಸ ಕೇಳುವವರು 'ನಿಮ್ಮ ಬಿ.ಸಿ. ನಂಬರ್ ಎಷ್ಟ್ರೀ?' ಎಂದೇ ಕೇಳುತ್ತಾರೆ. ಈ ವ್ಯವಸ್ಥೆಯಲ್ಲಿ ಅವಮಾನವಿತ್ತು, ಅನಿಶ್ಚಿತತೆಯಿತ್ತು. ಗೋಡೆಯ ಒಂದು ಬಿರುಕನ್ನು ಮುಚ್ಚಿಸಲು ಸಹ ಅಪ್ಪಣೆಗಾಗಿ ಕಾಯಬೇಕಾದ ದೈನ್ಯವಿತ್ತು. ಆದರೆ ಇದೇ ವ್ಯವಸ್ಥೆಯು, ತಾನು ಉದ್ದೇಶಿಸದೆಯೇ, ಒಂದು ರಕ್ಷೆಯೂ ಆಯಿತು. ಸ್ವೇಚ್ಛೆಯಾಗಿ ಮಾರಲು ಬಾರದ ನೆಲ, ಮನಬಂದಂತೆ ಎತ್ತರಿಸಲು ಬಾರದ ಕಟ್ಟಡ, ಇವುಗಳ ಮೇಲೆ ಬಂಡವಾಳದ ಕಣ್ಣು ಬೇಗನೆ ಬೀಳಲಿಲ್ಲ. ಊರಿನ ಇತರ ಭಾಗಗಳಲ್ಲಿ ಹಳೆಯ ವಾಡೆಗಳು ಉರುಳಿ ಅಪಾರ್ಟ್‌ಮೆಂಟುಗಳು ಏಳುತ್ತಿದ್ದಾಗಲೂ ಕ್ಯಾಂಪು ತನ್ನ ಹಳೆಯ ರೂಪದಲ್ಲಿ ಉಳಿದುದಕ್ಕೆ ಜನರ ಅಭಿರುಚಿಗಿಂತ ಈ ಕಾಯಿದೆಯೇ ಹೆಚ್ಚಿನ ಕಾರಣವೆಂದು ಒಪ್ಪಬೇಕು.

1887ರಲ್ಲಿ ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿ ಬೆಳಗಾವಿಯನ್ನು ಮುಟ್ಟಿತು. ಒಂದು ದಿಕ್ಕಿನಲ್ಲಿ ಮೀರಜ್, ಪುಣೆ. ಇನ್ನೊಂದು ದಿಕ್ಕಿನಲ್ಲಿ ಖಾನಾಪುರ, ಲೋಂಡಾ, ಅಲ್ಲಿಂದ ಕ್ಯಾಸಲ್ ರಾಕ್ ಮಾರ್ಗವಾಗಿ ಗೋವೆಯ ಮುರಗಾಂವ್ ಬಂದರು. ಎತ್ತಿನ ಬಂಡಿಗಳು ವಾರಗಟ್ಟಲೆ ತಿಣುಕಿ ತರುತ್ತಿದ್ದ ಸರಕು ಈಗ ದಿನಗಳಲ್ಲಿ ಬರತೊಡಗಿತು. ಕ್ಯಾಂಪಿನಿಂದ ತಿಳಕವಾಡಿಯನ್ನು ಹಾಯ್ದು ದಕ್ಷಿಣಕ್ಕೆ ಸಾಗುವ ಖಾನಾಪುರ ರಸ್ತೆಯೂ ಅದರ ಜೊತೆಗೆ ಹರಿಯುವ ರೈಲುದಾರಿಯೂ ಸೇರಿ, ಮಲಪ್ರಭೆಯ ಸೀಮೆಯ ಕಾಡನ್ನೂ ಮಣ್ಣನ್ನೂ ಬೆಳಗಾವಿಯ ಮಾಡಿಗೆ ಜೋಡಿಸಿದುವು.

ಈ ಜೋಡಣೆಯನ್ನು ತಿಳಿಯಬೇಕಾದರೆ ಒಂದು ಹಳೆಯ ಬಂಗಲೆಯ ಮೇಲ್ಛಾವಣಿಯನ್ನು ನೋಡಿದರೆ ಸಾಕು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟನು ಮಂಗಳೂರಿನಲ್ಲಿ ಯಂತ್ರದಿಂದ ಹೆಂಚು ಒತ್ತುವ ಕಾರ್ಖಾನೆಯನ್ನು ಆರಂಭಿಸಿದ ಬಳಿಕ, ಒಂದಕ್ಕೊಂದು ಕೊಂಡಿಯಂತೆ ಕೂಡಿಕೊಳ್ಳುವ ಆ ಕೆಂಪು ಹೆಂಚು ಪಶ್ಚಿಮ ಭಾರತದ ಮಳೆನಾಡುಗಳ ಸಾಮಾನ್ಯ ಲಕ್ಷಣವಾಯಿತು. ಒಳ್ಳೆಯ ಜೇಡಿಯೂ ಸೌದೆಯೂ ಹೇರಳವಾಗಿದ್ದ ಖಾನಾಪುರದಲ್ಲಿ ಈ ಉದ್ಯಮ ನೆಲೆಯೂರಿತು. ತಲೆತಲಾಂತರದ ಕುಂಬಾರಿಕೆಯ ಪಕ್ಕದಲ್ಲಿ ಹೆಂಚಿನ, ಇಟ್ಟಿಗೆಯ ಭಟ್ಟಿಗಳು ಎದ್ದುವು. ಜೇಡಿಯನ್ನು ಅಗೆದು, ಕಲ್ಲು ಬೇರುಗಳನ್ನು ಆರಿಸಿ, ನೀರುಣಿಸಿ ಕಲಸಿ, ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಬಿರಿಯದಂತೆ ಒಣಗಿಸಿ, ದಿನಗಟ್ಟಲೆ ಬೆಂಕಿಯುಣಿಸಿ, ಅಷ್ಟೇ ತಾಳ್ಮೆಯಿಂದ ಆರಿಸಿ ತೆಗೆಯುವ ಈ ಕೆಲಸದಲ್ಲಿ ಆತುರಕ್ಕೆ ಸ್ಥಳವಿರಲಿಲ್ಲ. ಸ್ವಾತಂತ್ರ್ಯಾನಂತರ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ತನ್ನ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆಗೆ ಖಾನಾಪುರವನ್ನೇ ಆರಿಸಿಕೊಂಡುದು ಆ ಮಣ್ಣಿನ ಮತ್ತು ಆ ಕೈಗಳ ಯೋಗ್ಯತೆಗೆ ಸಂದ ಮನ್ನಣೆ. ಕ್ಯಾಂಪಿನ ಬಂಗಲೆ, ಸದರ್ ಬಜಾರಿನ ಅಂಗಡಿ, ತಿಳಕವಾಡಿಯ ಮನೆ, ಎಲ್ಲವುಗಳ ಮೇಲೆಯೂ ಸುಟ್ಟ ಮಣ್ಣಿನ ಅದೇ ಹೊದಿಕೆ. ಕಾಂಕ್ರೀಟಿನ ತಾರಸಿ ಬಂದ ಮೇಲೆ ಹೆಂಚಿನ ಬೇಡಿಕೆ ಕುಗ್ಗಿತು. ನಗರದಲ್ಲಿ ಒಂದು ಮಾಡನ್ನು ಇಳಿಸಿದಾಗ ಅದರ ಪೆಟ್ಟು ಹದಿನೈದು ಹದಿನಾರು ಮೈಲಿ ದೂರದ ಹಳ್ಳಿಯ ಭಟ್ಟಿಗೂ ತಗಲುತ್ತದೆಂಬುದು ನಗರವಾಸಿಗಳ ಗಮನಕ್ಕೆ ಬರುವುದು ವಿರಳ.

1924ನೆಯ ವರ್ಷವು ಬೆಳಗಾವಿಯ ಚರಿತ್ರೆಯಲ್ಲಿ ಅವಿಸ್ಮರಣೀಯವಾದುದು. ಆ ಡಿಸೆಂಬರಿನಲ್ಲಿ, ಗಂಗಾಧರರಾವ್ ದೇಶಪಾಂಡೆಯವರ ಶ್ರಮದ ಫಲವಾಗಿ, ಇಂದಿನ ತಿಳಕವಾಡಿಯ ಬಯಲಿನಲ್ಲಿ ವಿಜಯನಗರವೆಂದು ಹೆಸರಿಟ್ಟ ತಾತ್ಕಾಲಿಕ ಪಟ್ಟಣವೊಂದು ಎದ್ದು, ಅಲ್ಲಿ ಮಹಾತ್ಮಾ ಗಾಂಧಿಯವರು ಕಾಂಗ್ರೆಸ್ಸಿನ ಅಧ್ಯಕ್ಷಪೀಠವನ್ನು ಅಲಂಕರಿಸಿದರು. ಅವರು ಆ ಪೀಠವನ್ನು ಏರಿದುದು ಜೀವಮಾನದಲ್ಲಿ ಅದೊಂದೇ ಬಾರಿ. ಅದೇ ವರ್ಷ ಜಾರಿಗೆ ಬಂದ ಕಂಟೋನ್ಮೆಂಟ್ ಕಾಯಿದೆಯು ದಂಡುಪ್ರದೇಶಗಳ ನಾಗರಿಕರಿಗೆ ಅಲ್ಲಿಯ ಆಡಳಿತ ಮಂಡಳಿಯಲ್ಲಿ ಚುನಾಯಿತ ಪ್ರತಿನಿಧಿಗಳನ್ನು ಹೊಂದುವ ಅವಕಾಶವನ್ನು ಕೊಟ್ಟಿತೆಂಬುದನ್ನು ಮಾತ್ರ ನಾವು ಮರೆತಿದ್ದೇವೆ. ಮೊದಲನೆಯದು ರಾಷ್ಟ್ರದ ಸ್ವಾತಂತ್ರ್ಯದ ಮಾತು. ಎರಡನೆಯದು ಬೀದಿಯ ದೀಪ, ಚರಂಡಿ, ಕರಗಳ ವಿಷಯದಲ್ಲಿ ದರ್ಜಿಗೂ ರೊಟ್ಟಿಯವನಿಗೂ ದೊರೆತ ಅಲ್ಪವಾದ ಮಾತು. ಅಲ್ಪವಾದರೂ ಅದು ಹಕ್ಕು. ಅಧ್ಯಕ್ಷತೆ ಸೈನ್ಯಾಧಿಕಾರಿಯದೇ ಆಗಿದ್ದರೂ, ಆಜ್ಞೆಗಳನ್ನು ಪಾಲಿಸುವುದಕ್ಕಷ್ಟೇ ಇದ್ದ ಜನ ಮೊದಲ ಬಾರಿಗೆ ಪ್ರಶ್ನಿಸುವ ಸ್ಥಾನಕ್ಕೆ ಬಂದರು.

ಇದಕ್ಕೆ ಎರಡು ವರ್ಷ ಮುಂಚೆ, 1922ರಲ್ಲಿ, ಮರಾಠಾ ಪದಾತಿದಳದ ತರಬೇತಿಯ ಕೇಂದ್ರ ಬೆಳಗಾವಿಯಲ್ಲಿ ನೆಲೆಗೊಂಡಿತ್ತು. ಇಂದಿನ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರ ಅದೇ. ಆಂಗ್ಲರು ತೆರಳಿದರೂ ದಂಡು ತೆರಳಲಿಲ್ಲ. ಆದುದರಿಂದ ಪೇಟೆಯ ಕಸಬುಗಳು ಒಮ್ಮೆಲೇ ಕುಸಿಯದೆ, ಒಂದೊಂದಾಗಿ ಸೊರಗಿದುವು. ಕುದುರೆಯ ಸ್ಥಳಕ್ಕೆ ಮೋಟಾರು ಬಂದಾಗ ನಾಲಬಂದನೂ ಸಾಹೀಸನೂ ಟಾಂಗಾದವನೂ ಹಿಂದೆ ಸರಿದರು. ಕೊಳಾಯಿಯು ಭಿಸ್ತಿಯನ್ನು, ಸಿದ್ಧ ಉಡುಪು ದರ್ಜಿಯನ್ನು, ಬಟ್ಟೆ ಒಗೆಯುವ ಯಂತ್ರ ಅಗಸನನ್ನು, ಸೈನ್ಯದ ಕ್ಯಾಂಟೀನು ಕಿರಾಣಿ ಅಂಗಡಿಯನ್ನು ಬದಿಗೆ ತಳ್ಳಿತು. 1889ರಲ್ಲಿ ಅಲಹಾಬಾದಿನಲ್ಲಿ ಮೊದಲಾದ ಸೈನ್ಯದ ಹೈನುಗಾರಿಕೆಯ ಪದ್ಧತಿಯೂ 2021ರ ಮಾರ್ಚ್ 31ರಂದು ದೇಶದಾದ್ಯಂತ ಸಮಾಪ್ತವಾಯಿತು. ಇತ್ತ ಊರಿನ ಉದ್ಯಮವೆಲ್ಲ ಬೇರೆ ದಿಕ್ಕುಗಳಲ್ಲಿ ಬೆಳೆಯಿತು: ಉದ್ಯಮಬಾಗಿನಲ್ಲಿ ಎರಕದ ಕಾರ್ಖಾನೆಗಳು, ಯಮನಾಪುರದಲ್ಲಿ ಅಲ್ಯೂಮಿನಿಯಂ, ಶಹಾಪುರ ವಡಗಾವಿಗಳಲ್ಲಿ ಮಗ್ಗ. ಕ್ಯಾಂಪಿನ ಪಾಲಿಗೆ ಉಳಿದುದು ಅದರ ಸೌಂದರ್ಯ, ಅದರ ಶಾಲೆಗಳ ಕೀರ್ತಿ, ಮತ್ತು ಊರಿನ ಮಧ್ಯದಲ್ಲಿರುವ ಅದರ ನೆಲ.

ದುಡಿಮೆ ಹೋಗಿ ನೆಲವಷ್ಟೇ ಉಳಿದಾಗ ಏನಾಗುತ್ತದೆಂಬುದಕ್ಕೆ ಲೋಕದಲ್ಲಿ ನಿದರ್ಶನಗಳು ಬೇಕಾದಷ್ಟಿವೆ. ಲಂಡನ್ನಿನ ಶ್ರಮಿಕರ ಕೇರಿಗಳನ್ನು ಉಳ್ಳವರು ಒಂದೊಂದೇ ಮನೆಯಾಗಿ ಕೊಂಡು, ಮೊದಲಿದ್ದವರೆಲ್ಲ ಹೊರಬೀಳುವವರೆಗೂ ನಿಲ್ಲದ ಆ ಕ್ರಮವನ್ನು ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ 1964ರಲ್ಲಿಯೇ ಗುರುತಿಸಿ ಬರೆದರು. ಮುಂಬಯಿಯ ಗಿರಣಗಾಂವಿನಲ್ಲಿ 1982ರ ಮುಷ್ಕರದ ಅನಂತರ ಗಿರಣಿಗಳು ಮೌನವಾಗಿ, ಅವುಗಳ ಅಂಗಳದಲ್ಲಿ ಗಗನಚುಂಬಿ ಸೌಧಗಳು ಎದ್ದುವು. ಬೆಂಗಳೂರಿನ ಮಲ್ಲೇಶ್ವರದಲ್ಲಿ ರಾಜಾ ಮಿಲ್ಲಿನ ನೆಲದ ಮೇಲೆ ಇಂದು ಮಂತ್ರಿ ಮಾಲ್ ನಿಂತಿದೆ. ಕ್ಯಾಂಪಿನಲ್ಲಿ ಹೊಗೆಯ ಚಿಮಣಿಯಿರಲಿಲ್ಲ. ದಂಡೇ ಇಲ್ಲಿಯ ಗಿರಣಿ, ಬಜಾರೇ ಅದರ ಮಗ್ಗಗಳ ಸಾಲು. ಆದರೂ ಪರಿಣಾಮದ ಲಕ್ಷಣಗಳು ಅವೇ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲಿ ಬೆಳಗಾವಿ ಸೇರಿತು. ಅದಕ್ಕೆ ಮುಂಚೆ, 2012ರಲ್ಲಿ, ಸುವರ್ಣ ವಿಧಾನಸೌಧ ಎದ್ದಿತ್ತು. ರಸ್ತೆಗಳು ಅಗಲವಾದುವು, ಹೊರಗಿನ ಹಣ ಬಂತು. ಖಾನಾಪುರ ರಸ್ತೆಯ ಉದ್ದಕ್ಕೂ ಗಾಜಿನ ಮುಖದ ಮಳಿಗೆಗಳು ಹೆಚ್ಚುತ್ತಿವೆ. ಇವುಗಳಿಂದ ಊರಿಗೆ ಲಾಭವಿಲ್ಲವೆಂದು ಹೇಳಲಾರೆ. ತರುಣರಿಗೆ ಉದ್ಯೋಗ ಬೇಕು, ಜೀರ್ಣವಾದ ಗೋಡೆಗೆ ದುರಸ್ತಿ ಬೇಕು. ಆದರೆ ಬಾಡಿಗೆಯ ಏರಿಕೆಯನ್ನು ಹೊಸಬನು ತನ್ನ ವ್ಯಾಪಾರದ ವೆಚ್ಚದಲ್ಲಿ ಸೇರಿಸಿಕೊಳ್ಳಬಲ್ಲನು. ಹೊಲಿಗೆಯ ಯಂತ್ರವೊಂದನ್ನೇ ನಂಬಿದವನು ಅದನ್ನು ಹೊತ್ತುಕೊಂಡು ಊರ ಅಂಚಿಗೆ ನಡೆಯಬೇಕಾಗುತ್ತದೆ.

ಈ ಕ್ರಮವನ್ನು ಇಷ್ಟು ಕಾಲ ನಿಧಾನಗೊಳಿಸಿದ್ದ ಹಳೆಯ ಕಟ್ಟಳೆಯೂ ಈಗ ಸಡಿಲುವ ಹಂತದಲ್ಲಿದೆ. 2006ರಲ್ಲಿ ಹೊಸ ಕಂಟೋನ್ಮೆಂಟ್ ಕಾಯಿದೆ ಬಂತು. 2023ರ ಏಪ್ರಿಲ್ 30ಕ್ಕೆ ದೇಶದ 57 ಕಂಟೋನ್ಮೆಂಟುಗಳಿಗೆ ಗೊತ್ತುಪಡಿಸಿದ್ದ ಚುನಾವಣೆಯನ್ನು ಕೇಂದ್ರ ಸರ್ಕಾರವು ಅದೇ ವರ್ಷದ ಮಾರ್ಚಿನಲ್ಲಿ ರದ್ದುಗೊಳಿಸಿತು. ಆ ವಸಂತದಲ್ಲಿಯೇ ಹಿಮಾಚಲದ ಯೋಲ್ ಕಂಟೋನ್ಮೆಂಟು ರದ್ದಾಯಿತು. ದಂಡುಪ್ರದೇಶಗಳ ನಾಗರಿಕ ವಸತಿಗಳನ್ನು ಬೇರ್ಪಡಿಸಿ ನೆರೆಯ ನಗರಸಭೆಗಳಿಗೆ ಸೇರಿಸುವ ಆಲೋಚನೆಯ ವ್ಯಾಪ್ತಿಯಲ್ಲಿ, ಕರ್ನಾಟಕದ ಏಕೈಕ ಕಂಟೋನ್ಮೆಂಟ್ ಮಂಡಳಿಯಾದ ಬೆಳಗಾವಿಯೂ ಇದೆ. ಸಮಾನ ಪೌರತ್ವದ ದೃಷ್ಟಿಯಿಂದ ಈ ವಿಲೀನ ನ್ಯಾಯವಾದುದೇ ಸರಿ. ನೆರೆಯ ಬೀದಿಯವನಿಗೆ ದೊರೆಯುವ ಸೌಲಭ್ಯ ನನಗೂ ದೊರೆಯಬೇಕೆಂದು, ನಾನು ಕಟ್ಟಿದ ಮನೆಯ ನೆಲ ನನ್ನದಾಗಬೇಕೆಂದು ಬಯಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಹಕ್ಕು ದೊರೆಯುವ ಕ್ಷಣದಲ್ಲಿಯೇ ನೆಲಕ್ಕೆ ಪೇಟೆಯ ಬೆಲೆಯೂ ದೊರೆಯುತ್ತದೆ. ಆ ಬೆಲೆಯ ಮುಂದೆ ಬಾಡಿಗೆಯ ಚೀಟಿಯನ್ನಷ್ಟೇ ಹಿಡಿದು ನಿಂತವನ ಗತಿಯೇನೆಂಬ ಪ್ರಶ್ನೆಗೆ, ವಿಲೀನದ ಚರ್ಚೆಯಲ್ಲಿ ಸಿಗಬೇಕಾದ ಪ್ರಾಮುಖ್ಯ ಸಿಕ್ಕಿಲ್ಲ.

ಪರಂಪರೆಯ ರಕ್ಷಣೆಯೆಂದರೆ ನಮ್ಮಲ್ಲಿ ಬಹುಮಟ್ಟಿಗೆ ಕಟ್ಟಡಗಳ ರಕ್ಷಣೆಯೆಂದೇ ಅರ್ಥ. ಇಗರ್ಜಿಯ ಗೋಪುರ, ಬಂಗಲೆಯ ಕಮಾನು, ದಾರಿಯ ಮರ, ಇವು ಉಳಿಯಲೇಬೇಕು. ಅವುಗಳ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ಬಂಗಲೆಯನ್ನು ಉಳಿಸಿ ಅದರಲ್ಲಿ ಐಷಾರಾಮದ ಉಪಾಹಾರಗೃಹವನ್ನು ತೆರೆದು, ಆ ಬಂಗಲೆಗೆ ತಲೆಮಾರುಗಳ ಕಾಲ ರೊಟ್ಟಿಯನ್ನೂ ಬಟ್ಟೆಯನ್ನೂ ಒದಗಿಸಿದ ಓಣಿಯನ್ನು ತೆರವುಗೊಳಿಸಿದರೆ, ಅದು ರಕ್ಷಣೆಯೆನಿಸಲಾರದು. ವಿಲೀನದ ಕಾಗದಪತ್ರಗಳು ಸಿದ್ಧವಾಗುವ ಮೊದಲೇ ಸದರ್ ಬಜಾರಿನಲ್ಲಿ ಯಾವ ಕಸಬು, ಯಾವ ಅಂಗಡಿಯಲ್ಲಿ, ಎಷ್ಟು ತಲೆಮಾರುಗಳಿಂದ ನಡೆದಿದೆಯೆಂಬುದರ ಸಮಗ್ರವಾದ ಪಟ್ಟಿಯೊಂದು ತಯಾರಾಗತಕ್ಕದ್ದು. ನೆಲದ ಹಕ್ಕನ್ನು ಹಂಚುವಾಗ ಮನೆಯ ಒಡೆಯನ ಜೊತೆಗೆ ದೀರ್ಘಕಾಲದ ಬಾಡಿಗೆದಾರನ ಹಕ್ಕನ್ನೂ ಲಿಖಿತವಾಗಿ ಗುರುತಿಸತಕ್ಕದ್ದು. ಹಳೆಯ ಮಾಡುಗಳ ದುರಸ್ತಿಗೆ ನೆರವು ಕೊಟ್ಟು, ಆ ಕೆಲಸಕ್ಕೆ ಖಾನಾಪುರದ ಹೆಂಚನ್ನೂ ಅಲ್ಲಿಯ ಕುಶಲಕರ್ಮಿಗಳನ್ನೂ ಬಳಸತಕ್ಕದ್ದು. ಇವು ಅಸಾಧ್ಯವಾದ ಬೇಡಿಕೆಗಳಲ್ಲ. ಸಿಪಾಯಿಯ ಒಂದು ಗುಂಡಿಗೂ ಲೆಕ್ಕವಿಟ್ಟ ಆಡಳಿತಕ್ಕೆ ಆ ಗುಂಡಿಯನ್ನು ಹೊಲಿದವನ ಲೆಕ್ಕವಿಡುವುದು ಭಾರವಾಗಲಾರದು.

ಕ್ಯಾಂಪಿನ ನೆಲಕ್ಕೆ ಇಂದು ಬೆಲೆ ಬಂದಿರುವುದು ಅಲ್ಲಿ ಬಾಳಲು ಹಿತವಾಗಿದೆಯೆಂಬ ಕಾರಣಕ್ಕೆ. ಬಾಳಲು ಹಿತವಾಗಿರುವುದು ಸುಮಾರು ಇನ್ನೂರು ವರ್ಷ ಅದನ್ನು ಒಗೆದು, ಹೊಲಿದು, ಬೇಯಿಸಿ, ಹೆಂಚು ಹೊದಿಸಿ ಕಾಪಾಡಿದವರ ಕಾರಣಕ್ಕೆ. ಬೆಲೆಯನ್ನು ಸೃಷ್ಟಿಸಿದವರಿಗೆ ಆ ಬೆಲೆಯಲ್ಲಿ ಪಾಲಿರಬೇಕೆಂಬುದು ದಯೆಯ ಮಾತಲ್ಲ, ನ್ಯಾಯದ ಮಾತು. 1924ರಲ್ಲಿ ಅವರಿಗೆ ದೊರೆತುದು ಮಂಡಳಿಯಲ್ಲಿ ಒಂದು ಮತ. ದಂಡಿನ ಆಡಳಿತ ಮುಗಿಯುವ ಕಾಲಕ್ಕೆ ಅವರಿಗೆ ದೊರೆಯಬೇಕಾದುದು, ಕೆಲಸ ಮಾಡಿದ ಬೀದಿಯಲ್ಲಿಯೇ ಮಕ್ಕಳು ಮೊಮ್ಮಕ್ಕಳೊಡನೆ ಬಾಳುವ ಭದ್ರತೆ. ಅಷ್ಟನ್ನು ಒದಗಿಸಿಕೊಟ್ಟರೆ, ಆಜ್ಞೆಯಿಂದ ಹುಟ್ಟಿದ ಈ ಪೇಟೆಯು ಕಟ್ಟಕಡೆಗೆ ತನ್ನ ನಿವಾಸಿಗಳ ಸ್ವಂತ ಊರಾಗುವುದು.